ಮೂಕಿ ಸಿನಿಮಾ ಯಾವ ಭಾಷೆಯದು?

ನಮಸ್ಕಾರ. ಇವತ್ತಿನ ಮಾತನ್ನು ಒಂದು ಕತ್ತಲೆ ಟೆಂಟಿನಿಂದ ಶುರು ಮಾಡುತ್ತೇನೆ.

ನೂರು ವರ್ಷದ ಹಿಂದಿನ ಟೆಂಟು ಅಂದುಕೊಳ್ಳಿ. ಜನ ನೆಲದ ಮೇಲೆ ಕೂತಿದ್ದಾರೆ. ಮುಂದೆ ಬಿಳಿ ಬಟ್ಟೆ. ಹಿಂದೆ ಪ್ರೊಜೆಕ್ಟರಿನ ಕಟಕಟ ಸದ್ದು. ಪರದೆಯ ಮೇಲೆ ರಾಜ ಬರುತ್ತಾನೆ, ಬಾಯಿ ಆಡಿಸುತ್ತಾನೆ, ಮಾತು ಮಾತ್ರ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಚಿತ್ರ ಮರೆಯಾಗಿ ಅಕ್ಷರ ಬರುತ್ತದೆ. ಒಂದೇ ಪರದೆಯಲ್ಲಿ ಎರಡು ಭಾಷೆ, ಮೂರು ಭಾಷೆ. ಕೂತವರಲ್ಲಿ ಹೆಚ್ಚಿನವರಿಗೆ ಯಾವ ಅಕ್ಷರವೂ ಬರದು. ಆಗ ಓದು ಬಲ್ಲವನೊಬ್ಬ ಜೋರಾಗಿ ಓದಿ ಹೇಳುತ್ತಾನೆ. ಸುಮ್ನೆ ಓದುವುದಲ್ಲ, ತನ್ನ ಊರಿನ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಎಷ್ಟೋ ಕಡೆ ಇದಕ್ಕಂತಲೇ ಒಬ್ಬರನ್ನು ಇಟ್ಟುಕೊಂಡಿರುತ್ತಿದ್ದರು.

ಬೊಂಬಾಯಿಯಲ್ಲಿ ತಯಾರಾದ ಹರಿಶ್ಚಂದ್ರ ಅಲ್ಲಿ ಮರಾಠಿ ಆಡಿದ. ಅದೇ ಸಿನಿಮಾ ತಮಿಳರ ಊರಿಗೆ ಹೋದರೆ ತಮಿಳು, ನಮ್ಮ ಕಡೆ ಬಂದರೆ ಕನ್ನಡ. ಚಿತ್ರದಲ್ಲಿ ಒಂದು ಚೂರೂ ಬದಲಾವಣೆ ಇಲ್ಲ. ದನಿ ಮಾತ್ರ ಆಯಾ ಊರಿನವರದು.

ಪ್ಯಾನ್ ಇಂಡಿಯಾ ಸಿನಿಮಾ ಅಂತ ಈಗ ತುಂಬಾ ಕೇಳುತ್ತೇವೆ, ಅಲ್ವಾ? ನನ್ನ ಪ್ರಕಾರ ಈ ದೇಶದ ನಿಜವಾದ ಪ್ಯಾನ್ ಇಂಡಿಯಾ ಸಿನಿಮಾ ಮೂಕಿಯೇ. ಇಡೀ ದೇಶದ ಜನ ಒಂದೇ ಚಿತ್ರವನ್ನು ನಮ್ಮದು ಅಂತ ನೋಡಿದರು. ಅದಕ್ಕಾಗಿ ಯಾರೂ ಇನ್ನೊಬ್ಬರ ಭಾಷೆ ಕಲಿಯಬೇಕಾಗಲಿಲ್ಲ. ದೇಶಕ್ಕೊಂದು ಭಾಷೆ ಇರಲೇಬೇಕು ಅಂತ ವಾದ ಮಾಡುವವರ ಮುಂದೆ ನಾನು ಮೊದಲು ಇಡುವ ಸಾಕ್ಷಿ ಇದೇ. ಭಾರತ ಪರದೆಯ ಮೇಲೆ ಮೊದಲ ಸಲ ತನ್ನನ್ನು ತಾನು ಕಂಡಾಗ ಆ ಪರದೆಗೆ ಭಾಷೆಯೇ ಇರಲಿಲ್ಲ.

ಇದು ಶುರುವಾದ ಬಗೆಯನ್ನು ನೋಡಿ. 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ, ಸಿನಿಮಾ ಶುರು ಮಾಡಿದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳ ಪ್ರದರ್ಶನ ಆಯಿತು. ಅಲ್ಲಿಂದ ಮುಂದೆ ಬಹಳ ವರ್ಷ ನಮ್ಮವರು ಪರದೆಯ ಮೇಲೆ ಹೆಚ್ಚಾಗಿ ಕಂಡದ್ದು ಬೇರೆಯವರ ಬದುಕನ್ನೇ. ಅವರ ರೈಲು, ಅವರ ಬೀದಿ, ಅವರ ದೇವರು. 1910ರ ಸುಮಾರಿಗೆ ಧುಂಡಿರಾಜ್ ಗೋವಿಂದ ಫಾಲ್ಕೆ ಬೊಂಬಾಯಿಯಲ್ಲಿ ಏಸುವಿನ ಜೀವನದ ಚಿತ್ರ ನೋಡಿದರು. ಕಣ್ಣ ಮುಂದೆ ಏಸು ಓಡಾಡುತ್ತಿದ್ದರೆ ಮನಸ್ಸಿನಲ್ಲಿ ಕೃಷ್ಣ, ರಾಮ ಓಡಾಡುತ್ತಿದ್ದರು ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ನಮ್ಮವರನ್ನು ನಾವು ಪರದೆಯ ಮೇಲೆ ಕಾಣುವುದು ಯಾವಾಗ ಅನ್ನುವುದು ಅವರನ್ನು ಹಿಡಿದುಕೊಂಡ ಪ್ರಶ್ನೆ.

ಅದಕ್ಕೂ ಮೊದಲು ಫಾಲ್ಕೆ ರವಿವರ್ಮನ ಚಿತ್ರಗಳ ಅಚ್ಚಿನ ಕೆಲಸದಲ್ಲಿ ಇದ್ದವರು. ಇದು ಸಣ್ಣ ಸಂಗತಿ ಅಲ್ಲ. ಲಕ್ಷ್ಮಿ ಹೇಗಿರುತ್ತಾಳೆ, ಸರಸ್ವತಿ ಹೇಗಿರುತ್ತಾಳೆ ಅಂತ ಕೇಳಿದರೆ ಈಗಲೂ ನಮ್ಮ ಕಣ್ಣಿಗೆ ಬರುವುದು ಆ ಅಚ್ಚಿನ ಚಿತ್ರಗಳೇ. ಮನೆಮನೆಯ ಗೋಡೆಗೆ ಏರಿದ ಆ ಮುಖಗಳು ಫಾಲ್ಕೆ ಕೈಯಲ್ಲಿ ನಡೆದಾಡಲು ಶುರು ಮಾಡಿದವು.

ಅವರು ವಿಮಾ ಪಾಲಿಸಿ ಅಡವಿಟ್ಟರು. 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಹೆಂಡತಿ ಸರಸ್ವತಿಬಾಯಿ ಒಡವೆ ಬಿಚ್ಚಿಕೊಟ್ಟರು. ಆ ಹೆಣ್ಣುಮಗಳ ವಿಷಯವನ್ನು ಬೇಗ ದಾಟಿಬಿಡಲು ನನಗೆ ಮನಸ್ಸಿಲ್ಲ. ಆಗ ಕಚ್ಚಾ ಫಿಲ್ಮಿಗೆ ಅಂಚಿನ ತೂತುಗಳು ಇರುತ್ತಿರಲಿಲ್ಲ. ತೂತು ಹಾಕಲು ಬೆಳಕು ಇರಬಾರದು, ಬೆಳಕು ಬಿದ್ದರೆ ಫಿಲ್ಮು ಹಾಳು. ಮನೆಯ ಕೆಲಸ ಎಲ್ಲ ಮುಗಿಸಿ ಅವರು ಕತ್ತಲಲ್ಲಿ ಕೂತು ಆ ತೂತುಗಳನ್ನು ಹಾಕುತ್ತಿದ್ದರು. ಫಿಲ್ಮು ತೊಳೆಯುವುದೂ ಅವರೇ, ಚಿತ್ರತಂಡಕ್ಕೆ ಅಡುಗೆ ಮಾಡಿ ಬಡಿಸುವುದೂ ಅವರೇ. ಭಾರತೀಯ ಸಿನಿಮಾದ ಪಿತಾಮಹ ಅಂತ ಒಬ್ಬರ ಹೆಸರು ಹೇಳುವಾಗ ಈ ಕೈಗಳನ್ನೂ ನೆನೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

1913ರ ಮೇ 3ರಂದು ಬೊಂಬಾಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ತೆರೆ ಕಂಡಿತು. ತಾರಾಮತಿಯ ಪಾತ್ರಕ್ಕೆ ಯಾವ ಹೆಣ್ಣೂ ಒಪ್ಪಿರಲಿಲ್ಲ. ಕೊನೆಗೆ ಸಿಕ್ಕವರು ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ, ಫಾಲ್ಕೆ ಕೊಡುತ್ತೇನೆ ಅಂದದ್ದು 15 ರೂಪಾಯಿ. 1917ರ 'ಲಂಕಾ ದಹನ'ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ. ಪರದೆಯ ಮೇಲೆ ರಾಮ ಬಂದಾಗ ಜನ ಎದ್ದು ಕೈಮುಗಿಯುತ್ತಿದ್ದರಂತೆ, ಅಡ್ಡ ಬೀಳುತ್ತಿದ್ದರಂತೆ.

ಅವರು ಕೈಮುಗಿದದ್ದು ಬರೀ ದೇವರಿಗೆ ಅಲ್ಲ ಅಂತ ನನಗೆ ಅನಿಸುತ್ತದೆ. ಪರದೇಶದ ಯಂತ್ರ, ಪರದೇಶದ ಪರದೆ. ಅದರ ಮೇಲೆ ನಮ್ಮ ಕಥೆ, ನಮ್ಮ ಸೀರೆ, ನಮ್ಮ ನದಿ ಕಂಡದ್ದೇ ಅವರಿಗೆ ದೊಡ್ಡ ವಿಷಯ. ಸ್ವದೇಶಿಯ ಮಾತು ಜೋರಾಗಿದ್ದ ಕಾಲ ಅದು. ತನ್ನ ಚಿತ್ರಗಳೂ ಸ್ವದೇಶಿ ವಸ್ತುವೇ ಅಂತ ಫಾಲ್ಕೆ ಹೆಮ್ಮೆಯಿಂದ ಹೇಳಿಕೊಂಡರು.

ನಾನು ಎಷ್ಟು ಸಲ ನೋಡಿದರೂ ಬೇಸರವಾಗದ ಒಂದು ತುಣುಕು ಇದೆ. 1919ರ 'ಕಾಳಿಯ ಮರ್ದನ'ದ ಮೊದಲ ಭಾಗ. ಬಾಲಕೃಷ್ಣನಾಗಿ ನಟಿಸಿದವಳು ಫಾಲ್ಕೆಯ ಮಗಳು ಮಂದಾಕಿನಿ. ಕಥೆ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸಾಲು ಬರುತ್ತದೆ, 7 ವರ್ಷದ ಹುಡುಗಿಯ ಮುಖಭಾವಗಳು ಅನ್ನುವ ಅರ್ಥದ್ದು. ಆಮೇಲೆ ಪರದೆಯ ತುಂಬಾ ಬರೀ ಮಂದಾಕಿನಿಯ ಮುಖ. ನಗುತ್ತಾಳೆ. ಮುಖ ಸಿಂಡರಿಸುತ್ತಾಳೆ. ಕಣ್ಣು ಅರಳಿಸುತ್ತಾಳೆ. ಕೊನೆಗೆ ಅದೇ ಮುಖ ಕೃಷ್ಣನ ಮುಖವಾಗುತ್ತದೆ.

ಇಲ್ಲಿ ಫಾಲ್ಕೆ ಏನನ್ನೂ ಬಚ್ಚಿಡುವುದಿಲ್ಲ. ಇವಳು ನನ್ನ ಮನೆಯ ಹುಡುಗಿ, ಈಗ ಕೃಷ್ಣ ಆಗುತ್ತಾಳೆ ನೋಡಿ ಅನ್ನುತ್ತಾರೆ. ನಮ್ಮ ಬಯಲಾಟದಲ್ಲಿ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಿದವರಿಗೆ ಇದು ಹೊಸದಲ್ಲ. ವೇಷ ಕಟ್ಟುವುದನ್ನು ಕಣ್ಣಾರೆ ನೋಡಿಯೂ ರಂಗಕ್ಕೆ ಬಂದಾಗ ಅವನನ್ನು ಕೃಷ್ಣ ಅಂತಲೇ ನಂಬುತ್ತೇವೆ. ಆ ನಂಬುವ ಬಗೆ ನಮ್ಮದು. ಅದಕ್ಕೆ ಮಾತು ಬೇಕಾಗಿಲ್ಲ.

ಮಾತಿಲ್ಲದ ಸಿನಿಮಾ ಅಂದರೆ ಏನೂ ಹೇಳದ ಸಿನಿಮಾ ಅಲ್ಲ. ಬ್ರಿಟಿಷರಿಗೆ ಅದು ಚೆನ್ನಾಗಿ ಗೊತ್ತಿತ್ತು. 1921ರಲ್ಲಿ ಕೊಹಿನೂರ್ ಕಂಪನಿಯ 'ಭಕ್ತ ವಿದುರ' ಬಂತು. ಕಥೆ ಮಹಾಭಾರತದ್ದೇ. ಆದರೆ ವಿದುರನ ತಲೆಯ ಮೇಲೆ ಗಾಂಧಿ ಟೋಪಿ, ಮೈಮೇಲೆ ಖಾದಿ. ರೌಲಟ್ ಕಾಯ್ದೆಯ ಸಿಟ್ಟು, ಅಸಹಕಾರ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಮದ್ರಾಸಿನಲ್ಲಿ, ಕರಾಚಿಯಲ್ಲಿ ಚಿತ್ರವನ್ನು ನಿಷೇಧಿಸಿದರು. ಒಂದು ಟೋಪಿಗೆ ಸರ್ಕಾರ ಹೆದರಿತು. ಧೃತರಾಷ್ಟ್ರನ ಆಸ್ಥಾನದಲ್ಲಿ ನ್ಯಾಯ ಹೇಳಿದವನು ವಿದುರ ಅಂತ ಜನಕ್ಕೆ ಮೊದಲೇ ಗೊತ್ತಿತ್ತಲ್ಲ. ಟೋಪಿ ನೋಡಿದ್ದೇ ಮಿಕ್ಕದ್ದನ್ನು ಅವರೇ ತುಂಬಿಕೊಂಡರು.

ಇನ್ನು ಆ ಕಾಲದ ನಾಯಕಿಯರ ವಿಷಯ. ಮೂಕಿ ಕಾಲದ ದೊಡ್ಡ ತಾರೆ ಸುಲೋಚನಾ. ನಿಜವಾದ ಹೆಸರು ರೂಬಿ ಮೈಯರ್ಸ್, ಬಾಗ್ದಾದಿ ಯಹೂದಿ ಮನೆತನದವರು. ಸಿನಿಮಾಕ್ಕೆ ಬರುವ ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದರು. ಸೀತಾದೇವಿ ಅನ್ನುವ ಹೆಸರಿನಲ್ಲಿ ನಟಿಸಿದವರು ರೆನೀ ಸ್ಮಿತ್, ಆಂಗ್ಲೋ ಇಂಡಿಯನ್. ಪೇಷನ್ಸ್ ಕೂಪರ್ ಕೂಡ ಹಾಗೇ. ದಮಯಂತಿಯಾಗಿ, ಪತಿವ್ರತೆಯಾಗಿ ಜನ ಮೆಚ್ಚಿದ ಮುಖಗಳು ಇವು. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಸುಲೋಚನಾ 8 ವೇಷ ಹಾಕಿದರು. ಅದರಲ್ಲಿ ಪೊಲೀಸಿನವನೂ ಇದ್ದ, ತೋಟದ ಮಾಲಿಯೂ ಇದ್ದ.

ಭಾರತೀಯ ಹೆಣ್ಣು ಅಂದರೆ ಹೀಗೆ ಅಂತ ದೇಶಕ್ಕೆ ತೋರಿಸಿದವರು ಯಹೂದಿ ಹುಡುಗಿ, ಆಂಗ್ಲೋ ಇಂಡಿಯನ್ ಹುಡುಗಿ. ಯಾರೂ ಉಚ್ಚಾರಣೆ ಪರೀಕ್ಷಿಸಲಿಲ್ಲ. ನಿಮ್ಮ ಮೂಲ ಯಾವುದು ಅಂತ ಆ ಪರದೆ ಕೇಳಲಿಲ್ಲ. ಇದನ್ನು ಓದಿಕೊಂಡಾಗ ನನಗೆ ತುಂಬಾ ಖುಷಿಯಾಯಿತು.

ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಪರದೆ ಕೇಳದಿದ್ದರೂ ಎದುರು ಕೂತವರು ಕೇಳಿದರು. ಮಲಯಾಳದ ಮೊದಲ ಚಿತ್ರ, ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್' ಮೂಕಿ. ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ಚಿತ್ರದಲ್ಲಿ ಆಕೆಯದು ನಾಯರ್ ಹೆಣ್ಣಿನ ಪಾತ್ರ. ತಿರುವನಂತಪುರದಲ್ಲಿ ಪ್ರದರ್ಶನ ಆದಾಗ ಮೇಲ್ಜಾತಿಯವರು ಅದನ್ನು ಸಹಿಸಲಿಲ್ಲ. ಪರದೆಗೆ ಕಲ್ಲು ತೂರಿದರು. ರೋಸಿ ಊರು ಬಿಟ್ಟು ಓಡಬೇಕಾಯಿತು. ಮತ್ತೆ ನಟಿಸಲಿಲ್ಲ. ಆ ಚಿತ್ರವೂ ಉಳಿದಿಲ್ಲ. ಡೇನಿಯಲ್ ಹೆಸರಿನಲ್ಲಿ ಕೇರಳ ಈಗ ಪ್ರಶಸ್ತಿ ಕೊಡುತ್ತದೆ. ತಾನು ನಾಯಕಿಯಾದ ಒಂದೇ ಒಂದು ಚಿತ್ರವನ್ನು ಎಲ್ಲರ ಜೊತೆ ಕೂತು ನೋಡುವ ಭಾಗ್ಯವೂ ರೋಸಿಗೆ ಸಿಗಲಿಲ್ಲ.

ಹೊರಗಿನ ಮಾತೂ ಒಂದು ಇಲ್ಲೇ ಹೇಳಿಬಿಡುತ್ತೇನೆ. 1915ರಲ್ಲಿ ಅಮೆರಿಕದ ಗ್ರಿಫಿತ್ ತೆಗೆದ 'ದ ಬರ್ತ್ ಆಫ್ ಎ ನೇಷನ್' ಕಪ್ಪು ಜನರನ್ನು ರಾಕ್ಷಸರ ಹಾಗೆ ತೋರಿಸಿತು. ಅವರನ್ನು ಬೇಟೆಯಾಡುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಸಂಘಟನೆ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ನಾವು ಯಾರು ಅಂತ ತೋರಿಸುವ ಪರದೆ, ನಮ್ಮವರಲ್ಲದವರು ಯಾರು ಅಂತಲೂ ಬೆರಳು ತೋರಿಸಬಲ್ಲದು. ನಮ್ಮ ಮೂಕಿಗಳಲ್ಲೂ ಪುರಾಣವೇ ಜಾಸ್ತಿ. ಆ ಕಥೆಗಳ ಹೊರಗೆ ಇದ್ದವರಿಗೆ ಅಲ್ಲಿ ಜಾಗ ಕಡಿಮೆ ಇತ್ತು. ಇದನ್ನು ಮರೆತು ನಾನು ಮೂಕಿಯನ್ನು ಹೊಗಳಲಾರೆ.

1931ರ ಮಾರ್ಚ್ 14ರಂದು 'ಆಲಂ ಆರಾ' ಬಂತು. ಸಿನಿಮಾ ಮಾತಾಡಿತು. ಸುಲೋಚನಾ ಅಂಥವರಿಗೂ ಕಷ್ಟ ಶುರುವಾಯಿತು. ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಅವರು ಬಿಡುವು ತೆಗೆದುಕೊಂಡು ಭಾಷೆ ಕಲಿತರು, ತಮ್ಮ ಹಳೆಯ ಮೂಕಿಗಳನ್ನೇ ವಾಕ್ಚಿತ್ರ ಮಾಡಿ ಮರಳಿ ಬಂದರು. 1973ರಲ್ಲಿ ಅವರಿಗೆ ಸಂದದ್ದು ಫಾಲ್ಕೆ ಹೆಸರಿನ ಪ್ರಶಸ್ತಿಯೇ.

ಮಾತು ಬಂದ ಮೇಲೆ ಒಂದೇ ಪರದೆ ಭಾಷೆಗೊಂದು ಪರದೆಯಾಯಿತು. ಇದರಿಂದ ನಷ್ಟವಾಯಿತು ಅಂತ ನಾನು ಹೇಳುವುದಿಲ್ಲ. ಕನ್ನಡ ಪರದೆಯ ಮೇಲೆ ಕೇಳಿಸಿದ್ದು ಅದರಿಂದಲೇ ಅಲ್ವಾ? ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ' ಕೊಲ್ಹಾಪುರದಲ್ಲಿ ತಯಾರಾಯಿತು. ಅದನ್ನು ನಿರ್ದೇಶಿಸಿದ ವೈ.ವಿ. ರಾವ್ ಮೂಕಿಯಲ್ಲಿ ಪಳಗಿದವರು. ಗುಬ್ಬಿ ವೀರಣ್ಣನವರ ಮೂಕಿ 'ಹರಿಮಾಯ'ವನ್ನು ನಿರ್ದೇಶಿಸಿದವರೂ ಅವರೇ. ಭಾಷೆಯಿಲ್ಲದ ಪರದೆಯಲ್ಲಿ ಕೆಲಸ ಕಲಿತವರೇ ಕನ್ನಡಕ್ಕೆ ದನಿ ಕೊಟ್ಟರು. ಈ ಎರಡೂ ಒಂದಕ್ಕೊಂದು ಎದುರಾಳಿ ಅಂತ ನನಗೆ ಯಾವತ್ತೂ ಅನಿಸಿಲ್ಲ.

ನನ್ನ ಸಂಕಟ ಇರುವುದು ಬೇರೆ ಕಡೆ. ನಮ್ಮ ದೇಶದಲ್ಲಿ ತಯಾರಾದ ಮೂಕಿಗಳು ಸುಮಾರು 1,300. ಅದರಲ್ಲಿ ಉಳಿದದ್ದು 30ಕ್ಕೂ ಕಡಿಮೆ. ಅದರಲ್ಲೂ ಕೆಲವು ತುಂಡು ತುಂಡು. ನೈಟ್ರೇಟ್ ಫಿಲ್ಮು ಬೇಗ ಹೊತ್ತಿ ಉರಿಯುತ್ತದೆ, ಸೆಖೆಗೆ ಕರಗಿ ಪುಡಿಯಾಗುತ್ತದೆ. ಇನ್ನೊಂದು ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ವಾಕ್ಚಿತ್ರ ಬಂದ ಮೇಲೆ ಹಳೆಯ ಮೂಕಿಗಳನ್ನು ಯಾರು ಕೊಳ್ಳುತ್ತಾರೆ? ಚಿತ್ರವನ್ನು ತೊಳೆದು ಹಾಕಿ ಬೆಳ್ಳಿ ತೆಗೆದು ಮಾರಿದರು. ಎಷ್ಟು ರಾಜರು, ರಾಣಿಯರು, ಎಷ್ಟು ಊರಿನ ಬೀದಿಗಳು ಹಾಗೆ ಗ್ರಾಂ ಲೆಕ್ಕದಲ್ಲಿ ಹೋದವೋ.

'ರಾಜಾ ಹರಿಶ್ಚಂದ್ರ'ದಲ್ಲಿ ಇದ್ದದ್ದು 4 ರೀಲು. ಮೊದಲನೆಯದು ಮತ್ತು ಕೊನೆಯದು ಮಾತ್ರ ಸಿಕ್ಕಿವೆ. ಅವೂ 1913ರವಲ್ಲ, 1917ರಲ್ಲಿ ಮತ್ತೆ ತೆಗೆದವು ಅನ್ನುವ ಇತಿಹಾಸಕಾರರಿದ್ದಾರೆ. ಇಷ್ಟಾದರೂ ನಮ್ಮ ಕಣ್ಣಿಗೆ ಬೀಳುತ್ತಿರುವುದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಊರೂರು ತಿರುಗಿ ಡಬ್ಬ ಹುಡುಕಿದವರು. ಫಾಲ್ಕೆ ಮನೆಯವರ ಹತ್ತಿರ ಉಳಿದಿದ್ದ ರೀಲುಗಳನ್ನೂ ಅವರು ತಂದು ಉಳಿಸಿದರು.

ಕನ್ನಡದವರು ಮಾಡಿದ ಮೂಕಿಗಳ ಕಥೆ ಇನ್ನೂ ನೋವಿನದು. 'ಮೃಚ್ಛಕಟಿಕ'ದ ಕಥೆಯ 'ವಸಂತಸೇನಾ'ದಲ್ಲಿ ನಮ್ಮ ಟಿ.ಪಿ. ಕೈಲಾಸಂ ನಟಿಸಿದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಕೈಲಾಸಂ ಹೇಗೆ ನಡೆಯುತ್ತಿದ್ದರು, ಹೇಗೆ ತಿರುಗಿ ನೋಡುತ್ತಿದ್ದರು ಅಂತ ಕಾಣಲು ನಾನು ಎಷ್ಟು ಹುಡುಕಿದೆನೋ. ಸಿಕ್ಕಿದ್ದು ಬರೀ ಹೆಸರುಗಳು. ಅವರ ಮಾತು ಪುಸ್ತಕಗಳಲ್ಲಿ ಉಳಿದಿದೆ, ಮೈಯ ಮಾತು ಹೋಯಿತು.

ನಿಮ್ಮ ಊರಿನ ಹಳೆಯ ಟೆಂಟಿನವರ ಮನೆಯಲ್ಲಿ, ನಾಟಕ ಕಂಪನಿಯವರ ಅಟ್ಟದಲ್ಲಿ ತುಕ್ಕು ಹಿಡಿದ ಫಿಲ್ಮ್ ಡಬ್ಬ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬೆಂಕಿಯ ಹತ್ತಿರ ಇಡಬೇಡಿ, ತೆರೆಯಲು ಹೋಗಬೇಡಿ. ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ.

ಮೊನ್ನೆ ಅಕ್ಕನ ಮಗಳ ಜೊತೆ ಕೂತು 'ಕಾಳಿಯ ಮರ್ದನ' ಹಾಕಿದೆ. ಅವಳಿಗೂ 7 ವರ್ಷ. ಅಕ್ಷರ ಬಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿದಳು. ಕೃಷ್ಣ ನೀರಿಗೆ ಹಾರಿದಾಗ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಮಾಮ, ನೀನು ಹೇಳಬೇಡ, ನಾನು ಹೇಳ್ತೀನಿ" ಅಂದಳು. ಅಲ್ಲಿಂದ ಮುಂದೆ ಹಾವಿನ ಮಾತು, ಕೃಷ್ಣನ ಮಾತು, ದಡದಲ್ಲಿ ಅಳುತ್ತಾ ನಿಂತ ಯಶೋದೆಯ ಮಾತು ಎಲ್ಲವನ್ನೂ ಅವಳೇ ಆಡಿದಳು.