ಹಳೇ ನಕಾಶೆ ಹಿಡಿದು ಸದಾಶಿವಗಡಕ್ಕೆ

ನಮಸ್ಕಾರ, ಕೋಡಿಬಾಗದಲ್ಲಿದ್ದೇನೆ. ಹಿಂದೆ ಕಾಳಿ ನದಿ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಗಾಳಿ ಜೋರಿದೆ, ಧ್ವನಿ ಕೇಳದಿದ್ದರೆ ಕಮೆಂಟ್ ಹಾಕಿ. ಕೈಯಲ್ಲಿರುವುದು ಸರ್ವೆ ಆಫ್ ಇಂಡಿಯಾದ ಹಳೇ ನಕಾಶೆ, ಒಂದು ಇಂಚಿಗೆ ಒಂದು ಮೈಲಿ ಲೆಕ್ಕದ್ದು. ಹಾಳೆ ನಂಬರ್ 48 ಜೆ/1. ಕಾರವಾರ, ಸದಾಶಿವಗಡ, ಕಡವಾಡ ಎಲ್ಲ ಇದೊಂದರಲ್ಲೇ ಬರುತ್ತವೆ. ಶಿರಸಿಯವರು ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಿಮ್ಮದು 48 ಜೆ/14.

ಈ ಪ್ರಿಂಟಿನ ಕತೆ ಹೇಳಲೇಬೇಕು. ಸ್ಕ್ಯಾನ್ ಫೈಲ್ ಪೆನ್‌ಡ್ರೈವಿನಲ್ಲಿ ಕೊಟ್ಟು, "ಅಳತೆ ಒಂಚೂರೂ ಬದಲಾಗಬಾರದು, ಎ1 ಹಾಳೆಯಲ್ಲೇ ಹಾಕಿ" ಅಂತ ಎರಡು ಸಲ ಹೇಳಿದ್ದೆ. ಅಂಗಡಿಯವರು ಎ2ನಲ್ಲಿ ಹಾಕಿದರು. ಲ್ಯಾಮಿನೇಶನ್ನೂ ಮಾಡಿಟ್ಟಿದ್ದರು, ನಾನು ಕೇಳಿರಲಿಲ್ಲ. 280 ರೂಪಾಯಿ! ಕೆಳಗಿನ ಸ್ಕೇಲ್ ಪಟ್ಟಿ ನೋಡಿ. ಒಂದು ಮೈಲಿ ಅಂದರೆ ಇಲ್ಲಿ ಎರಡೂವರೆ ಸೆಂಟಿಮೀಟರ್ ಇರಬೇಕು. ಪಟ್ಟಿ ಇಟ್ಟು ಅಳೆದರೆ ಸರಿಯಾಗಿ ಎರಡು! ಕೇಳಿದ್ದಕ್ಕೆ, "ಹಾಳೆಗೆ ಚಂದ ಕೂತಿದೆಯಲ್ರೀ" ಅಂದರು. ಚಂದ ತಗೊಂಡು ಏನು ಮಾಡಲಿ? ಇದರ ಮೇಲೆ ದೂರ ಅಳೆದರೆ ಐದು ಮೈಲಿ ನಾಲ್ಕಾಗುತ್ತದೆ. ಮತ್ತೆ ಹಾಕಿಕೊಡಿ ಅಂದರೆ ಮತ್ತೆ ಪೂರ್ತಿ ದುಡ್ಡು ಕೇಳಿದರು. ಕೊಡಲಿಲ್ಲ. ದುಡ್ಡಿಗಿಂತ ಜಾಸ್ತಿ ಬೇಜಾರು ಬೇರೆಯದು. ಯಾರೋ ಬಿಸಿಲಲ್ಲಿ ಗುಡ್ಡ ಹತ್ತಿ, ಸರಪಳಿ ಎಳೆದು ಅಳೆದದ್ದು ಇದು. ಅದನ್ನು ಹಾಳೆಗೆ ಕೂರಲಿ ಅಂತ ಕುಗ್ಗಿಸಿದರೆ ಹೇಗೆ? ಇವತ್ತು ದೂರವನ್ನೆಲ್ಲ ಫೋನಿನಲ್ಲೇ ನೋಡುತ್ತೇನೆ, ಬೇರೆ ದಾರಿ ಇಲ್ಲ.

ಹಾಂ, ನದಿ. ಇಲ್ಲಿ ನೋಡಿ, ಈ ದಡದಿಂದ ಆ ದಡಕ್ಕೆ ಚುಕ್ಕಿ ಚುಕ್ಕಿ ಗೆರೆ. ತಾರಿ, ಅಂದರೆ ನದಿ ದಾಟಿಸುವ ದೋಣಿ, ಹೋಗುತ್ತಿದ್ದ ದಾರಿ. ಸೇತುವೆ ಬಂದದ್ದು 1980ರ ದಶಕದಲ್ಲಿ. ಅಲ್ಲಿ ಬಲೆ ಸರಿಮಾಡುತ್ತಿದ್ದ ಅಜ್ಜನಿಗೆ ತೋರಿಸಿದೆ. ನಕಾಶೆ ನೋಡಲೇ ಇಲ್ಲ, ಕೈ ಎತ್ತಿ ನೇರ ನೀರಿನ ಕಡೆ ತೋರಿಸಿದರು: "ಬಸ್ಸು ಇಲ್ಲೇ ನಿಲ್ತಿತ್ತು ತಮಾ. ಇಳೀಬೇಕು, ತಾರಿ ಹತ್ತಬೇಕು, ಆಚೆ ಬೇರೆ ಬಸ್ಸು." ಆ ಹಳೇ ಸೇತುವೆ ಈಗಿಲ್ಲ. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ ಕುಸಿಯಿತು, ಒಂದು ಲಾರಿಯೂ ಜೊತೆಗೇ ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಉಳಿದರು. ಈಗ ದಾಟುವುದು ಪಕ್ಕದ ಹೊಸ ಸೇತುವೆಯಲ್ಲಿ.

ದಾಟಿಯಾಯಿತು. ಇದಕ್ಕೇ ಬಂದದ್ದು. ನಕಾಶೆಯಲ್ಲಿ ಗುಡ್ಡ ನೋಡಿ, ಒಂದರೊಳಗೊಂದು ಕಂದು ಗೆರೆ, ಎತ್ತರ ತೋರಿಸುವವು. ಒಂದು ಗೆರೆಯಿಂದ ಇನ್ನೊಂದಕ್ಕೆ 50 ಅಡಿ ಎತ್ತರ. ಎಲ್ಲೂ ತುಂಡಾಗಿಲ್ಲ, ಬಳೆಯ ಹಾಗೆ ಸುತ್ತಿಕೊಂಡಿವೆ. ಈಗ ತಲೆ ಎತ್ತಿ ನೋಡಿ. ಗುಡ್ಡ ಸೀಳಿದೆ, ನಡುವೆ ಹೆದ್ದಾರಿ. ಎರಡೂ ಕಡೆ ಕಡಿದ ಬಂಡೆ. ಸೋಂದೆಯ ಅರಸ ಬಸವಲಿಂಗ ತಂದೆ ಸದಾಶಿವನ ಹೆಸರಲ್ಲಿ ಕಟ್ಟಿಸಿದ ಕೋಟೆ ಇದು. ರಸ್ತೆಗೋಸ್ಕರ ಅದರ ಹೊಟ್ಟೆಯನ್ನೇ ಕಡಿದರು. ನನಗಂತೂ ಇದು ದೊಡ್ಡ ಅನ್ಯಾಯ.

ಮೇಲೆ ಹತ್ತಿದ್ದನ್ನು ತೋರಿಸುವುದಿಲ್ಲ, ಏದುಸಿರು ಬಿಟ್ಟರೆ ಬೇರೇನಿಲ್ಲ. ದೂರದಲ್ಲಿ ಕಾಣುವುದು ದೇವಗಡ ದ್ವೀಪದ ದೀಪಸ್ತಂಭ, 1864ರದ್ದು. ಆ ಇಸವಿ ಸುಮ್ನೆ ಬಂದದ್ದಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿತು. ಆಗ ಎಲ್ಲರ ಕಣ್ಣು ಧಾರವಾಡದ ಹತ್ತಿಯ ಮೇಲೆ, ಅದನ್ನು ಹಡಗಿಗೆ ಹಾಕಲು ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಅದಕ್ಕಿಂತ ಮೊದಲಿನ ಪೇಟೆ ಒಳಗಡೆ, ನದಿ ದಂಡೆಯ ಕಡವಾಡದಲ್ಲಿ. ಇಂಗ್ಲಿಷರು 1638ರಲ್ಲೇ ವ್ಯಾಪಾರದ ಕೋಠಿ ಹಾಕಿದ್ದು ಆ ಹಳೇ ಕಾರವಾರದಲ್ಲಿ. ನಕಾಶೆಯಲ್ಲಿ ಕಡವಾಡ ಇಷ್ಟೇ, ನಾಲ್ಕು ಮನೆ ಗುರುತು, ಒಂದು ದೇವಸ್ಥಾನ.

ಕೆಳಗೆ ನೋಡಿದಿರಾ, ಆಂಬುಲೆನ್ಸ್ ಹೋಯಿತು. ಮಾಜಾಳಿ ಕಡೆಯಿಂದ ಕಾರವಾರದ ಆಸ್ಪತ್ರೆಗೆ ಇರಬೇಕು. ಆಗ ಅನ್ಯಾಯ ಅಂದೆನಲ್ಲ, ಅಷ್ಟು ಸುಲಭಕ್ಕೆ ಹೇಳಬಾರದಿತ್ತು ಅನಿಸುತ್ತಿದೆ. ತಾರಿಯ ಕಾಲದಲ್ಲಿ ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ? ರಸ್ತೆ ಬೇಕೇ ಬೇಕಿತ್ತು. ಆದರೆ ಇಲ್ಲೊಂದು ಇಡೀ ಗುಡ್ಡ ಇತ್ತು ಅಂತ ರಸ್ತೆ ಬದಿಯಲ್ಲಿ ಒಂದು ಬೋರ್ಡು ಹಾಕಬಹುದು, ಅಲ್ವಾ? ಹಳೇ ನಕಾಶೆಯನ್ನೇ ದೊಡ್ಡದು ಮಾಡಿ ನಿಲ್ಲಿಸಿದರೂ ಸಾಕು. ಶಾಲೆ ಮಕ್ಕಳನ್ನು ಇಲ್ಲಿಗೆ ಕರೆತಂದು ನಕಾಶೆ ಓದಿಸಬೇಕು. ಕಂದು ಗೆರೆ ಅಂದರೆ ಏನು ಅಂತ ಇಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬ್ಯಾಟರಿ ಕೆಂಪಾಯಿತು. ನಿಮ್ಮೂರಿನ ಹಳೇ ನಕಾಶೆ ಬೇಕಿದ್ದರೆ, 1950ರ ದಶಕದ ಯು502 ಅನ್ನುವ ಅಮೆರಿಕ ಸೇನೆಯ ನಕಾಶೆ ಸರಣಿ ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದಕ್ಕೆ ಎರಡೂವರೆ ಲಕ್ಷದ ಅಳತೆ, ಸಣ್ಣ ಕೇರಿಗಳು ಕಾಣಲಿಕ್ಕಿಲ್ಲ, ಆದರೆ ರಸ್ತೆ, ನದಿ, ಘಟ್ಟ ಎಲ್ಲ ಇವೆ. ಪ್ರಿಂಟ್ ಹಾಕಿಸುವುದಾದರೆ ದುಡ್ಡು ಕೊಡುವ ಮೊದಲು ಸ್ಕೇಲ್ ಪಟ್ಟಿ ಅಳೆದು ನೋಡಿ. ಕಡವಾಡಕ್ಕೆ ಮುಂದಿನ ವಾರ, ಬೆಳಿಗ್ಗೆ ಬೇಗ ಹೊರಡುತ್ತೇನೆ.