ವಾರಸುದಾರರಿಲ್ಲದ ಮಾತ್ರೆ

ನಮಸ್ಕಾರ. ಇವತ್ತು ಒಂದು ಪುಟ್ಟ ಮಾತ್ರೆಯ ಬಗ್ಗೆ ಮಾತಾಡಬೇಕು.

ನಮ್ಮಪ್ಪನಿಗೆ ಗೌಟ್ ಇದೆ, ಕೀಲುಗಳು ಊದಿಕೊಂಡು ನೋಯುವ ಕಾಯಿಲೆ. ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು ಬಿಟ್ಟಿತು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುವಷ್ಟು ನೋವು. ಫ್ಯಾನ್ ಗಾಳಿಯೂ ಬೇಡ ಅಂದರು. ಬೆಳಿಗ್ಗೆ ಡಾಕ್ಟರು ಬರೆದುಕೊಟ್ಟಿದ್ದು ಕಾಲ್ಚಿಸಿನ್. ಮೂರನೇ ದಿನ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೊರಟಿದ್ದರು.

ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ, ಕೆಂಪು ಹಳದಿ ಬಣ್ಣದಲ್ಲಿ ಉರಿಯುವ ಹಾಗೆ ಅರಳುತ್ತದಲ್ಲ, ಗೌರಿ ಹೂವು? ಅದರ ಗಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಬೀಜಕ್ಕೋಸ್ಕರವೇ ಇದನ್ನು ಬೆಳೆಯುತ್ತಾರೆ. ಆ ಗಡ್ಡೆ ತಿಂದು ಸತ್ತವರೂ ಇದ್ದಾರೆ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಗೌಟ್ ಬಂದಾಗ ಆಗುವ ಉರಿಯೂತ ಕಣ್ಣಿಗೆ ಕಾಣುತ್ತದೆ. ವಯಸ್ಸಾದಂತೆ ಮೈಯೊಳಗೆ ಇನ್ನೊಂದು ಥರದ ಉರಿಯೂತ ಶುರುವಾಗುತ್ತದೆ. ಅದು ಬೂದಿ ಮುಚ್ಚಿದ ಕೆಂಡ. ನೋವಿಲ್ಲ, ಜ್ವರವಿಲ್ಲ, ಆದರೆ ರಕ್ತನಾಳಗಳನ್ನು ಒಳಗೊಳಗೇ ಕೆಡಿಸುತ್ತಾ ಹೋಗುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲೇ ಇದಕ್ಕೆ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು.

ಈ ಕೆಂಡ ಆರಿಸಿದರೆ ಹೃದಯಕ್ಕೆ ಒಳ್ಳೆಯದಾಗುತ್ತದಾ? ಆಗುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಹಿಂದೆ ಹೃದಯಾಘಾತವಾಗಿದ್ದ ಸುಮಾರು 10 ಸಾವಿರ ಜನರ ಮೇಲೆ ಕನಕಿನುಮ್ಯಾಬ್ ಎಂಬ ಇಂಜೆಕ್ಷನ್ ಪರೀಕ್ಷಿಸಿದರು. ಕೊಲೆಸ್ಟರಾಲ್ ಇಳಿಯಲಿಲ್ಲ, ಉರಿಯೂತ ಇಳಿಯಿತು. ಅಷ್ಟಕ್ಕೇ ಹೃದಯಾಘಾತ, ಪಾರ್ಶ್ವವಾಯುಗಳಂಥವು ಶೇ. 15ರಷ್ಟು ಕಡಿಮೆಯಾದವು. ಆದರೆ ಸೋಂಕಿನಿಂದ ಸಾಯುವವರು ಸ್ವಲ್ಪ ಜಾಸ್ತಿಯಾದರು. ಬೆಲೆಯಂತೂ ಸಾಮಾನ್ಯರು ಕೇಳುವ ಹಾಗೇ ಇಲ್ಲ.

ಆದರೆ ಅದಕ್ಕೂ ಮೊದಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಕ್ ನೈಡಾರ್ಫ್ ಎಂಬ ಹೃದಯ ತಜ್ಞರು ಅಗ್ಗದ ಕಾಲ್ಚಿಸಿನ್ ಮೇಲೇ ಕಣ್ಣಿಟ್ಟಿದ್ದರು. 2013ರಲ್ಲಿ 532 ಹೃದ್ರೋಗಿಗಳ ಸಣ್ಣ ಪರೀಕ್ಷೆ. 2020ರಲ್ಲಿ 5,522 ಜನರ ದೊಡ್ಡ ಪರೀಕ್ಷೆ, ದಿನಕ್ಕೆ ಬರೀ ಅರ್ಧ ಮಿಲಿಗ್ರಾಂ. ಸುಮಾರು ಎರಡೂವರೆ ವರ್ಷದಲ್ಲಿ, ಸುಮ್ನೆ ಹುಸಿ ಮಾತ್ರೆ ತಿಂದವರಲ್ಲಿ ಶೇ. 9.6 ಜನರಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಯಾಯಿತು. ಕಾಲ್ಚಿಸಿನ್ ತಿಂದವರಲ್ಲಿ ಶೇ. 6.8. 2023ರಲ್ಲಿ ಅಮೆರಿಕ ಇದನ್ನು ಹೃದ್ರೋಗಕ್ಕೂ ಒಪ್ಪಿತು. ಮರುವರ್ಷ, ಹೃದಯಾಘಾತವಾದ ಕೂಡಲೇ ಮಾತ್ರೆ ಶುರುಮಾಡಿದ 7 ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆಯಲ್ಲಿ ಲಾಭವೇ ಕಾಣಲಿಲ್ಲ. ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಯಾರಿಗೆ, ಯಾವಾಗ ಕೊಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಇಂಥ ಪ್ರಶ್ನೆ ಕೇಳಲು ದುಡ್ಡು ಹಾಕುವವರು ಯಾರು? ಹಳೆಯ ಔಷಧಕ್ಕೆ ಪೇಟೆಂಟ್ ಇರುವುದಿಲ್ಲ, ವಾರಸುದಾರರೂ ಇರುವುದಿಲ್ಲ. ಕಂಪನಿಗೆ ಲಾಭವಿಲ್ಲ ಅಂದಮೇಲೆ ಪರೀಕ್ಷೆ ಯಾಕೆ ಮಾಡುತ್ತದೆ? ಲಾಭ ಸಿಗುವ ಹಾಗಿದ್ದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2009ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿಗೆ ಕಾಲ್ಚಿಸಿನ್ ಮಾರುವ ವಿಶೇಷ ಹಕ್ಕು ಸಿಕ್ಕಿತು. 9 ಸೆಂಟ್‌ನ ಮಾತ್ರೆ ಸುಮಾರು 5 ಡಾಲರ್ ಆಯಿತು. ಗಿಡ ಅದೇ, ಮಾತ್ರೆ ಅದೇ!

ಮೆಟ್‌ಫಾರ್ಮಿನ್ ಕಥೆಯೂ ಇದೇ. ನಮ್ಮಲ್ಲಿ ಈ ಮಾತ್ರೆ ಇಲ್ಲದ ಸಕ್ಕರೆ ಕಾಯಿಲೆಯವರ ಮನೆ ಇದೆಯಾ? ವಯಸ್ಸಿನ ಕಾಯಿಲೆಗಳನ್ನು ಅದು ಮುಂದೂಡುತ್ತದಾ ಎಂದು 65ರಿಂದ 79 ವರ್ಷದ 3,000 ಜನರ ಮೇಲೆ ನೋಡಬೇಕೆಂದು ನ್ಯೂಯಾರ್ಕಿನ ನೀರ್ ಬಾರ್ಜಿಲೈ ಯೋಜನೆ ಹಾಕಿದರು. ಹಣ ಹೊಂದಿಸುವುದರಲ್ಲೇ ವರ್ಷಗಳು ಕಳೆದುಹೋದವು.

ಹಾಗಾಗಿ ನಾನು ಹೇಳುವುದಿಷ್ಟೇ. ಈ ಪರೀಕ್ಷೆಗಳಿಗೆ ಸರ್ಕಾರದ ದುಡ್ಡು ಬೇಕು. ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇದನ್ನು ಕೈಗೆತ್ತಿಕೊಳ್ಳಲಿ. 10 ಕೋಟಿ ಸಕ್ಕರೆ ಕಾಯಿಲೆಯವರಿರುವ ದೇಶ ಇದು. ಅಗ್ಗದ ಮಾತ್ರೆ ತಯಾರಿಸಿ ಲೋಕಕ್ಕೆಲ್ಲ ಕಳಿಸುವವರು ನಾವು. ಅದರಿಂದ ಇನ್ನೇನು ಉಪಯೋಗ ಎಂದು ಬೇರೆಯವರು ಹೇಳಲಿ ಅಂತ ಕಾಯುವುದು ಯಾಕೆ?

ಹೋದ ವಾರ ಮಾವ ಫೋನ್ ಮಾಡಿದ್ದರು. “ನಿಮ್ಮಪ್ಪ ತಗೊಳ್ಳೋ ಮಾತ್ರೆ ಹಾರ್ಟ್‌ಗೂ ಒಳ್ಳೆಯದಂತೆ. ನಾನೂ ಶುರುಮಾಡಲಾ?”

ಆಗ ಗೌರಿ ಹೂವಿನ ಗಡ್ಡೆ ನೆನಪಾಯಿತು. ಕಾಲ್ಚಿಸಿನ್‌ನಲ್ಲಿ ಔಷಧಕ್ಕೂ ವಿಷಕ್ಕೂ ಅಂತರ ತುಂಬ ಕಡಿಮೆ. ಕಿಡ್ನಿ ಸರಿಯಿಲ್ಲದವರಲ್ಲಿ ಅದು ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಜೊತೆ ತಗೊಂಡು ಪ್ರಾಣ ಕಳೆದುಕೊಂಡವರಿದ್ದಾರೆ.

“ಮಾವ, ನೀವು ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್ ನೋಡಿಸಿ ಎಷ್ಟು ದಿನ ಆಯ್ತು?” ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಳಗಿದ್ದ ಅತ್ತೆಯನ್ನು ಕೂಗಿದರು. “ಏ, ನನ್ನ ಬ್ಲಡ್ ರಿಪೋರ್ಟ್ ಫೈಲ್ ಎಲ್ಲಿಟ್ಟಿದೀಯ?”

ಫೈಲ್ ಸಿಕ್ಕಿತು. ಕೊನೆಯ ರಿಪೋರ್ಟ್ ಆರು ವರ್ಷದ ಹಿಂದಿನದು. ಸೋಮವಾರ ರಕ್ತ ಕೊಡಲು ಹೋಗುತ್ತಿದ್ದಾರೆ.