ಗ್ರೇಡ್ ಎಷ್ಟು ಅಂತ ಕೇಳಿ ಫೋನ್ ಇಡಬೇಡಿ

ನಮಸ್ಕಾರ, ಹಾಸನದಿಂದ ನಿಮ್ಮವನೇ. ಹಿಂದಿನ ವಿಡಿಯೊ ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ: "ಮೆದುಳಿನ ಗಡ್ಡೆಗೆ ಗ್ರೇಡ್ ಗೊತ್ತಾದರೆ ಸಾಕು. ಮೆಥೈಲೇಷನ್ ಗಿಥೈಲೇಷನ್ ಎಲ್ಲ ದುಡ್ಡು ಕೀಳುವ ದಾರಿ." ನನ್ನ ವಿಡಿಯೊಗಿಂತ ಆ ಕಾಮೆಂಟಿಗೇ ಲೈಕ್ ಜಾಸ್ತಿ!

ಅಣ್ಣಾ, ಗ್ರೇಡ್ ಅಂದರೆ ಗಡ್ಡೆ ಎಷ್ಟು ಉಗ್ರ ಅನ್ನೋದಕ್ಕೆ 1ರಿಂದ 4ರವರೆಗಿನ ಅಂಕ. ಅದೊಂದೇ ಸಾಲದು. ನಮ್ಮ ಕಡೆ ಆಲೂಗಡ್ಡೆ ಬೆಳೆಯುವವರನ್ನು ಕೇಳಿ. ಬಿತ್ತನೆ ಬೀಜ ಮೇಲೆ ನುಣ್ಣಗಿದೆ ಅಂತ ತಂದು ಹಾಕಿ, ಅಂಗಮಾರಿ ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ಎಷ್ಟು ಜನ!

ಎಂಜಿಎಂಟಿ ಅಂತ ಒಂದು ಜೀನ್ ಇದೆ. ಅದರ ಕೆಲಸ ಡಿಎನ್‌ಎ ರಿಪೇರಿ. ಟೆಮೊಜೊಲೊಮೈಡ್ ಅನ್ನೋ ಕ್ಯಾನ್ಸರ್ ಮಾತ್ರೆ ಗಡ್ಡೆಯ ಡಿಎನ್‌ಎ ಕೆಡಿಸುತ್ತದೆ, ಎಂಜಿಎಂಟಿ ಹಿಂದೆಯೇ ಬಂದು ಸರಿಮಾಡುತ್ತದೆ. ಆ ಜೀನಿನ ಬಾಗಿಲಲ್ಲಿ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡರೆ (ಇದೇ ಮೆಥೈಲೇಷನ್) ಜೀನ್ ಆಫ್, ರಿಪೇರಿ ಬಂದ್. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಿಎನ್‌ಎಯ ಅಕ್ಷರ ಒಂದೂ ಬದಲಾಗಿರುವುದಿಲ್ಲ, ಅದಕ್ಕೇ ಇದು ಎಪಿಜೆನೆಟಿಕ್. 2005ರ ಅಧ್ಯಯನದಲ್ಲಿ ಗ್ಲಿಯೊಬ್ಲಾಸ್ಟೊಮಾ ಅನ್ನೋ ಉಗ್ರ ಮೆದುಳಿನ ಗಡ್ಡೆ ಆದವರಿಗೆ ರೇಡಿಯೇಷನ್ ಜೊತೆ ಈ ಮಾತ್ರೆ ಕೊಟ್ಟರು. ಮೀಥೈಲ್ ಇದ್ದವರಲ್ಲಿ ಅರ್ಧ ಜನ 21.7 ತಿಂಗಳು ದಾಟಿ ಬದುಕಿದರು. ಇಲ್ಲದವರಲ್ಲಿ ಅರ್ಧ ಜನ ದಾಟಿದ್ದು 12.7 ತಿಂಗಳು. ಎರಡೂ ಗುಂಪು ಗ್ರೇಡ್ 4! ಗ್ರೇಡ್ ಏನು ಹೇಳಿತು ನಿಮಗೆ?

ಮೈಕ್ರೋಸ್ಕೋಪ್ ಸಾಲದಾ ಅಂತೀರಿ. ಸಾಲದು! 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನವರು ಮೀಥೈಲ್ ಗುರುತು ನೋಡಿ ಗಡ್ಡೆ ವಿಂಗಡಿಸಿದಾಗ, ನೂರಕ್ಕೆ ಸುಮಾರು 12 ಜನರ ಕಾಯಿಲೆಯ ಹೆಸರೇ ಬದಲಾಯಿತು. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಗ್ರೇಡ್ ಕೊಡಲಿಕ್ಕೂ ಜೀನ್ ನೋಡಿ ಎನ್ನುತ್ತದೆ. ಐಡಿಎಚ್ ಅನ್ನೋ ಜೀನ್ ಬದಲಾಗಿರುವ ಅಸ್ಟ್ರೊಸೈಟೊಮಾ (ಇದೂ ಮೆದುಳಿನ ಗಡ್ಡೆಯೇ) ಕಣ್ಣಿಗೆ ಎಷ್ಟೇ ಸಾಧುವಾಗಿ ಕಂಡರೂ, ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿ ಹೋಗಿದ್ದರೆ ನೇರ ಗ್ರೇಡ್ 4. ನೀವು ಹಿಡಿದುಕೊಂಡು ಕೂತಿರುವ ಗ್ರೇಡೇ ಜೀನ್ ಕೇಳುತ್ತಿದೆ, ಸ್ವಾಮಿ!

ಖರ್ಚಾ? ಬೀಗರೂಟಕ್ಕೆ ಸಾಲ ಮಾಡುವವರು ನೀವು, ಸುಮ್ನಿರಿ.

"ತಿಳಿದು ಏನು ಮಾಡೋದು?" ಅಂತ ಇನ್ನೊಬ್ಬರು. ವಯಸ್ಸಾದ ರೋಗಿಗೆ ಮಾತ್ರೆಯೋ ರೇಡಿಯೇಷನ್ನೋ ಅಂತ ಡಾಕ್ಟರು ತೂಗಿ ನೋಡುವಾಗ ಇದೇ ಎಂಜಿಎಂಟಿ ರಿಪೋರ್ಟ್ ಬೇಕು. ಏನು ಮಾಡೋದಂತೆ!

ನಿಮ್ಹಾನ್ಸ್‌ಗೆ ಅಂತ ಬೆಳಗಿನ ಬಸ್ ಹತ್ತುವವರೇ, "ಎಂಜಿಎಂಟಿ ಏನು ಬಂತು ಸಾರ್?" ಅಂತ ಕೇಳಿ. ಕೇಳೋಕೂ ದುಡ್ಡಾ? ಗ್ರೇಡ್ ಒಂದೇ ಸಾಲದು! ಸಾಲದು ಅಂದರೆ ಸಾಲದು! ಯಾಕೆ ಅಂದರೆ... ಹೇಳಿದ್ದೀನಲ್ಲ, ವಿಡಿಯೊ ಹಿಂದಕ್ಕೆ ಎಳೆದು ನೋಡಿ, ನನಗೂ ವ್ಯೂಸ್ ಬರುತ್ತೆ. ಬೈಯುವವರು ಸಬ್‌ಸ್ಕ್ರೈಬ್ ಮಾಡಿ ಬೈಯಿರಿ. ಭಾನುವಾರ ಲೈವ್ ಇದೆ, ಬಿ.ಎಂ. ರಸ್ತೆ ಟ್ರಾಫಿಕ್ ಬಗ್ಗೆ. ಅಲ್ಲೂ ಬನ್ನಿ ಅಣ್ಣಾ, ಕಾಯ್ತಿರ್ತೀನಿ.